ಹದಿನೆಂಟನೆಯ ವರ್ಷದ ಮಾಲೆ

ದ್ಯಾಮಣ್ಣ ನನ್ನ ಪಕ್ಕದ ಮನೆಯವನು. ಮನೆ ಎಂದರೆ ರಾಜಗೋಪಾಲನಗರದ ವಠಾರದಲ್ಲಿ ಒಂದು ಕೋಣೆ, ಬಾಗಿಲ ಮುಂದೆ ನೀರಿನ ಡ್ರಮ್ಮು. 2009ರಲ್ಲಿ ಆ ಡ್ರಮ್ಮಿನ ಪಕ್ಕಕ್ಕೆ ಒಂದು ತೆಂಗಿನ ಸಸಿಯೂ ಬಂದಿತ್ತು. ದ್ಯಾಮಣ್ಣ ರೋಣದ ಕಡೆಯವನು. ಇಪ್ಪತ್ತೆರಡು ವರ್ಷ ಪೀಣ್ಯದಲ್ಲಿ ಪವರ್ ಪ್ರೆಸ್ ಓಡಿಸಿಯೂ ಹತ್ತು ಬೆರಳು ಉಳಿಸಿಕೊಂಡಿದ್ದ. ಪ್ರೆಸ್ಸಿನವರ ಕೈ ನೋಡಿದವರಿಗೆ ಅದು ಸಣ್ಣ ಮಾತಲ್ಲ ಎಂದು ಗೊತ್ತು. ಅವನು ಅದನ್ನು ತನ್ನ ಜಾಣತನ ಎನ್ನುತ್ತಿರಲಿಲ್ಲ, ಅಯ್ಯಪ್ಪನ ದಯೆ ಎನ್ನುತ್ತಿದ್ದ.

ಪ್ರತಿ ಕಾರ್ತಿಕದಲ್ಲೂ ಮಾಲೆ ಹಾಕುತ್ತಿದ್ದ. ಆ ವರ್ಷದ್ದು ಹದಿನೆಂಟನೆಯದು. ಹದಿನೆಂಟನೆಯ ವರ್ಷ ಶಬರಿಮಲೆಗೆ ಹೋಗುವವನು ತೆಂಗಿನ ಸಸಿ ಹೊತ್ತು ಹೋಗುತ್ತಾನೆ, ತಾನೇ ಗುರುಸ್ವಾಮಿಯಾಗಿ ಮರಳುತ್ತಾನೆ. ಆಮೇಲೆ ಬೇರೆಯವರ ಕೊರಳಿಗೆ ಮಾಲೆ ಹಾಕಬಹುದು, ಇರುಮುಡಿ ಕಟ್ಟಬಹುದು. ಊರಲ್ಲಿ ಅಂಗೈ ಅಗಲ ಜಾಗವಿಲ್ಲದ, ಸೂಪರ್‌ವೈಸರಿನಿಂದ ಹಿಡಿದು ಟೀ ತರುವವನವರೆಗೆ ಎಲ್ಲರೂ ‘ಏ ದ್ಯಾಮಾ’ ಎಂದು ಕೂಗುವ ಮನುಷ್ಯನಿಗೆ ಈ ಜನ್ಮದಲ್ಲಿ ಸಿಗಬಹುದಾಗಿದ್ದ ಬಡ್ತಿ ಅದೊಂದೇ.

ಅವನ ಗುಡಿ ಇದ್ದದ್ದು ಪೀಣ್ಯ ಎರಡನೇ ಹಂತದ ಒಂದು ಪ್ರೆಸ್ ಶಾಪಿನ ಪಕ್ಕ, ತಗಡಿನ ಮಾಡಿನ ಕೆಳಗೆ. ಶಾಪು, ಜಾಗ ಎರಡೂ ವೆಂಕಟೇಶಪ್ಪನವು. ಹಳೇ ಊರಿನ ಜಮೀನುದಾರರ ಮನೆತನದವನು, ದ್ಯಾಮಣ್ಣನಿಗೆ ಸಂಬಳ ಕೊಡುವ ಧಣಿ, ಗುಡಿಗೆ ಗುರುಸ್ವಾಮಿ. ಜಾಗ ಅವನದಾದರೂ ಗುಡಿ ಕಟ್ಟಿದವನು ದ್ಯಾಮಣ್ಣ. ಭಾನುವಾರದ ರಜೆಗಳನ್ನೆಲ್ಲ ಸುರಿದು ತಗಡು ವೆಲ್ಡ್ ಮಾಡಿದ, ಸಿಮೆಂಟು ಕಲಸಿ ಹದಿನೆಂಟು ಮೆಟ್ಟಿಲು ಎರಕ ಹೊಯ್ದ.

ಮಾಲೆಯ ಕಾಲವೆಂದರೆ ವೆಂಕಟೇಶಪ್ಪನಿಗೆ ಬಲು ಪ್ರೀತಿ. ಭಕ್ತಿ ಇತ್ತೋ ಇಲ್ಲವೋ ದೇವರೇ ಬಲ್ಲ. ನಲವತ್ತೊಂದು ದಿನ ಯಾರೂ ಕುಡಿಯುವುದಿಲ್ಲ, ಸೋಮವಾರ ಚಕ್ಕರ್ ಹೊಡೆಯುವುದಿಲ್ಲ. ನಸುಕಿಗೇ ಎದ್ದು ತಣ್ಣೀರು ಸುರಿದುಕೊಂಡು, ತಗಡಿನ ಚೂರು ಬಿದ್ದ ನೆಲದ ಮೇಲೆ ಬರಿಗಾಲಲ್ಲಿ ಬಂದು ನಿಲ್ಲುತ್ತಾರೆ. ಅವನು ದೊಡ್ಡ ಆರ್ಡರುಗಳನ್ನು ಒಪ್ಪಿಕೊಳ್ಳುತ್ತಿದ್ದದ್ದೇ ಆ ದಿನಗಳಲ್ಲಿ. “ಏನ್ ಸ್ವಾಮಿ, ಕೈ ಇನ್ನೂ ಸ್ವಲ್ಪ ಬೇಗ ಓಡ್ಲಿ” ಎನ್ನುತ್ತಿದ್ದ. ವ್ರತ ನಮ್ಮದು, ಬೆಳೆ ಅವನದು. ನಮ್ಮದು ಎನ್ನುತ್ತಿದ್ದೇನೆ, ಏಕೆಂದರೆ ನಾನೂ ಅದೇ ಗುಡಿಯ ಸ್ವಾಮಿ, ಎದುರಿನ ಲೇತ್ ಶಾಪಿನವನು. ಒಂಬತ್ತು ವರ್ಷ ಅವನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದೇನೆ. ಈಗ ನೆನೆಸಿಕೊಂಡರೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಪ್ರೆಸ್ಸಿಗೆ ಎರಡು ಬಟನ್, ಎರಡು ಕೈಗೆ ಒಂದೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ. ಎರಡು ಕೈಯೂ ಹೊರಗಿರಲಿ ಎಂದೇ ಹಾಗೆ ಮಾಡಿದ್ದಾರೆ. ಒಂದು ಬಟನ್ ಅದುಮಿ ಮೇಲೆ ಟೇಪ್ ಸುತ್ತಿಬಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಆ ಕೈಯಲ್ಲಿ ತಗಡು ಒಳಗಿಡುತ್ತ ಹೋದರೆ ಕೆಲಸ ಬೇಗ ಸಾಗುತ್ತದೆ. ಆ ವರ್ಷ ವೆಂಕಟೇಶಪ್ಪ ಸುತ್ತು ಎಂದ, ದ್ಯಾಮಣ್ಣ ಸುತ್ತಿದ. ಧಣಿ ಹೇಳಿದ್ದರೆ ಒಂದು ಮಾತು ಆಡುತ್ತಿದ್ದನೇನೋ. ಹೇಳಿದವನು ಗುರುಸ್ವಾಮಿ. ಕೊರಳಿಗೆ ಮಾಲೆ ಹಾಕಿದ ಗುರುವಿನ ಮಾತು ಮೀರುವುದೆಂದರೆ ವ್ರತ ಕೆಟ್ಟಂತೆ ಎಂದು ನಾವೆಲ್ಲ ನಂಬಿದ್ದೆವು.

ಟೇಪ್ ಸುತ್ತಿದ್ದು ಕಾಡಪ್ಪನ ಪ್ರೆಸ್ಸಿಗೆ. ಗೋಕಾಕದ ಕಡೆಯ ಕಾಡಪ್ಪನಿಗೆ ನಲವತ್ತು ದಾಟಿತ್ತು. ಒಂದು ಕಾಲಕ್ಕೆ ಕುಡಿದು ಮೋರಿ ಪಕ್ಕ ಬಿದ್ದಿರುತ್ತಿದ್ದವನು. ಹೆಂಡತಿ ಸಿದ್ದಕ್ಕ ದ್ಯಾಮಣ್ಣನ ಕೈಕಾಲು ಹಿಡಿದು ಅವನಿಗೂ ಮಾಲೆ ಹಾಕಿಸಿದ್ದಳು. ಇಪ್ಪತ್ತು ದಿನ ಕಾಡಪ್ಪ ಒಂದು ಹನಿ ಮುಟ್ಟಲಿಲ್ಲ. ಇಪ್ಪತ್ತೊಂದನೆಯ ದಿನ, ಊಟದ ಗಂಟೆಗೆ ಸ್ವಲ್ಪ ಮುಂಚೆ, ಅಚ್ಚು ಇಳಿದು ಬಲಗೈಯ ನಾಲ್ಕು ಬೆರಳು ಹೋದವು.

ವೆಂಕಟೇಶಪ್ಪ ಓಡಿ ಬಂದ. ಮೊದಲು ಬಟನ್ನಿನ ಟೇಪ್ ಕಿತ್ತ. ಆಮೇಲೆ ಬಾಗಿ, ನೆಲಕ್ಕೆ ಬಿದ್ದಿದ್ದ ಕಾಡಪ್ಪನ ಕೊರಳಿಂದ ಮಾಲೆ ತೆಗೆದ. ಎರಡನ್ನೂ ಕರಿ ಅಂಗಿಯ ಜೇಬಿಗೆ ಇಳಿಸಿದ. ಆಟೋ ಕರೆಸಿದ್ದು ಅದಾದ ಮೇಲೆ. “ರಕ್ತ ಆಗಿದೆ, ಮೈಲಿಗೆ. ಮಾಲೆ ಇರಬಾರದು ಸ್ವಾಮಿ” ಎಂದ. ಪಕ್ಕದಲ್ಲೇ ನಿಂತಿದ್ದ ದ್ಯಾಮಣ್ಣ ಅದನ್ನೂ ನಂಬಿದ.

ಮರುದಿನ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಕಾಡಪ್ಪ ಎಡಗೈಯಲ್ಲಿ ಅನ್ನ ಎತ್ತಲು ಹೋಗಿ ಎದೆಯ ಮೇಲೆಲ್ಲ ಚೆಲ್ಲಿಕೊಳ್ಳುತ್ತಿದ್ದ. ಸಿದ್ದಕ್ಕ ತಟ್ಟೆ ಅವನ ಮುಂದೆ ಇಟ್ಟು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಅವಳೇಕೆ ಹಾಗೆ ಕೂತಿದ್ದಾಳೆಂದು ನಮಗೆ ಆಗ ತಿಳಿಯಲಿಲ್ಲ.

“ದ್ಯಾಮಣ್ಣ ಸ್ವಾಮಿ, ನಾ ವ್ರತದಾಗ ಏನ್ ತಪ್ಪ ಮಾಡೀನಿ?” ಎಂದು ಕಾಡಪ್ಪ ಕೇಳಿದ. “ಜ್ವರಾ ಬಂದಾಗ ಒಂದಿನ ಬಿಸಿನೀರು ಹಾಕ್ಕೊಂಡಿದ್ದೆ. ಅದಕ್ಕ ಅಯ್ಯಪ್ಪ ಕೈ ತಗೊಂಡನೇನು?”

ದ್ಯಾಮಣ್ಣ ಎದ್ದು ಹೊರಗೆ ನಡೆದ. ಕಾಂಪೌಂಡಿನ ಪಕ್ಕ ಕೂತು, ಟೇಪ್ ಸುತ್ತಿದ ತನ್ನ ಕೈಗಳನ್ನೇ ನೋಡಿಕೊಂಡ.

ಶನಿವಾರ ಸಂಜೆ ಪಡಿಪೂಜೆ. ದ್ಯಾಮಣ್ಣ ಹೊಯ್ದ ಹದಿನೆಂಟು ಮೆಟ್ಟಿಲಿಗೂ ದೀಪ, ಹೂವು, ಕರ್ಪೂರ. ಹದಿನೆಂಟನೆಯ ವರ್ಷದವನನ್ನು ನಿಲ್ಲಿಸಿ ಎಲ್ಲರೂ ಅವನ ಕಾಲಿಗೆ ಬೀಳುವುದು ನಮ್ಮ ಗುಡಿಯ ಪದ್ಧತಿ. ನಾವು ಬಿದ್ದೆವು. ಕೊನೆಗೆ ವೆಂಕಟೇಶಪ್ಪನೇ ಬಂದು ಉದ್ದಂಡವಾಗಿ ಮಲಗಿ ದ್ಯಾಮಣ್ಣನ ಎರಡೂ ಕಾಲು ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ. ಧಣಿಯೊಬ್ಬ ಕೂಲಿಯವನ ಪಾದಕ್ಕೆ ಹಣೆ ಹಚ್ಚಿದ್ದು ನೋಡಿ ನನ್ನ ಕಣ್ಣು ತುಂಬಿ ಬಂತು. ಎಲ್ಲರಿಗಿಂತ ಜೋರಾಗಿ ಶರಣು ಕೂಗಿದವನು ನಾನು.

ಆ ಕೂಗಿನ ಅಡಿಯಲ್ಲಿ ವೆಂಕಟೇಶಪ್ಪ ನೆಲದ ಮೇಲಿಂದ ಆಡಿದ ಮಾತು ಕೇಳಿಸಿದ್ದು ದ್ಯಾಮಣ್ಣನೊಬ್ಬನಿಗೆ. ಮನೆಗೆ ಬರುವ ದಾರಿಯಲ್ಲಿ ಆ ಮಾತನ್ನು ನನಗೆ ಹೇಳಿದ. “ಸೋಮವಾರ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರ್ತಾರೆ ಸ್ವಾಮಿ. ಕಾಡಪ್ಪ ಕುಡ್ಕೊಂಡ್ ಬಂದಿದ್ದ ಅಂದ್ಬಿಡಿ. ಮಾಲೆ ಎಲ್ಲಿ ಹಾಕಿದ್ದ, ಕೊರಳಲ್ಲಿ ಇರ್ಲೇ ಇಲ್ವಲ್ಲ. ನಿಮ್ಮನ್ನ ಗುರುಸ್ವಾಮಿ ಮಾಡೋದು ನನ್ನ ಜವಾಬ್ದಾರಿ.” ಕಾಲು ಬಿಡಿಸಿಕೊಳ್ಳಲೆಂದು ದ್ಯಾಮಣ್ಣ “ಏಳ್ರಿ ಸ್ವಾಮಿ” ಎಂದಿದ್ದ. ವೆಂಕಟೇಶಪ್ಪ ಅದನ್ನೇ ಒಪ್ಪಿಗೆ ಎಂದುಕೊಂಡು ನಗುತ್ತ ಎದ್ದಿದ್ದ.

ವಠಾರದ ನಲ್ಲಿಯ ಹತ್ತಿರ ಕೂತು ದ್ಯಾಮಣ್ಣ ಸೀಮೆಎಣ್ಣೆ ಹಾಕಿ ಕಾಲು ತಿಕ್ಕಿದ. ಆಮೇಲೆ ಬಟ್ಟೆ ಸೋಪು ಹಾಕಿ ತಿಕ್ಕಿದ. ಇಳಿದುಹೋಗುವಂಥ ಕೊಳೆ ಅಲ್ಲಿರಲಿಲ್ಲ. ನಾನು ಹೇಡಿ. “ಸುಮ್ನಿರು ಮಾರಾಯ, ಶಬರಿಮಲೆಗೆ ಹೋಗಿ ಬಂದ್ಮೇಲೆ ನೋಡೋಣ. ಹದಿನೇಳು ವರ್ಷ ಮಣ್ಣುಪಾಲಾಗುತ್ತೆ, ಕೆಲಸಾನೂ ಹೋಗುತ್ತೆ” ಎಂದೆ.

“ಟೇಪ್ ಸುತ್ತಿದಾಂವ ನಾ” ಎಂದ. “ಬೆರಳು ನಾ ಕಳದೆ. ಈಗ ಕುಡದಿದ್ದ ಅಂದ್ರ ಅವನ ವ್ರತಾನೂ ನಾನ ಕಳದಂಗ. ಸಿದ್ದಕ್ಕ ಅವನ ಮುಖಾ ನೋಡ್ಯಾಳೇನು?” ಸ್ವಲ್ಪ ತಡೆದು, “ಆ ಗುಡಿ ನಾ ಕಟ್ಟೀನಿ. ಬಿಟ್ಟು ಎಲ್ಲಿಗೆ ಹೋಗ್ಲಿ?” ಎಂದ. ಭಾನುವಾರವಿಡೀ ಸಸಿಯ ಪಕ್ಕ ಕೂತಿದ್ದ. ಗುಡಿಗೆ ಹೋಗಲಿಲ್ಲ, ಊಟವನ್ನೂ ಮಾಡಲಿಲ್ಲ.

ಸೋಮವಾರ ಇನ್ಸ್‌ಪೆಕ್ಟರ್ ಬಂದರು. ವೆಂಕಟೇಶಪ್ಪ ಹಣೆಗೆ ಗಂಧ ಬಳಿದುಕೊಂಡು ಪಕ್ಕದಲ್ಲೇ ನಿಂತಿದ್ದ. ದ್ಯಾಮಣ್ಣ ಹೇಳಿದ್ದು ಇಷ್ಟು: “ಕಾಡಪ್ಪ ಕುಡದಿದ್ದಿಲ್ರಿ ಸಾಹೇಬ್ರ. ಮಾಲಿ ಹಾಕ್ಕೊಂಡಿದ್ದ. ಬಟನ್ನಿಗೆ ಟೇಪ್ ಸುತ್ತಿದಾಂವ ನಾ, ಸುತ್ತಾಕ ಹೇಳಿದವರು ಇವ್ರು.” ಇನ್ಸ್‌ಪೆಕ್ಟರ್ ಬರೆದುಕೊಂಡು ಅವನ ಸಹಿ ಹಾಕಿಸಿಕೊಂಡರು.

ಅಂದು ಸಂಜೆ ನಾವೆಲ್ಲ ಭಜನೆಗೆ ಕೂತಿದ್ದಾಗ ದ್ಯಾಮಣ್ಣ ಗುಡಿಗೆ ಬಂದ. ಸೀದಾ ವೆಂಕಟೇಶಪ್ಪನ ಮುಂದೆ ನಿಂತು ಕೊರಳು ಬಗ್ಗಿಸಿದ.

“ನೀವ ಹಾಕಿದ್ದು. ನೀವ ತಗೀರಿ.”

“ವ್ರತ ಮುಗೀದೆ ಮಾಲೆ ತೆಗೀಬಾರದು ಸ್ವಾಮಿ. ದೋಷ ಬರುತ್ತೆ” ಎಂದ ವೆಂಕಟೇಶಪ್ಪ, ಎಲ್ಲರಿಗೂ ಕೇಳುವಂತೆ, ಬಲು ಮೆತ್ತಗೆ.

“ಕಾಡಪ್ಪನ ವ್ರತ ಮುಗದಿತ್ತೇನ್ರಿ? ನೆಲಕ್ಕ ಬಿದ್ದಾಂವನ ಕೊರಳಿಂದ ತಗದ್ರಲ್ಲ. ಜೇಬಿನ್ಯಾಗ ಹಾಕ್ಕೊಂಡ್ರಲ್ಲ. ಹಂಗ ನಂದೂ ತಗೀರಿ.”

ತಾಳ ನಿಂತಿತು. ವೆಂಕಟೇಶಪ್ಪನ ಕೈ ತೊಡೆಯ ಮೇಲಿಂದ ಏಳಲಿಲ್ಲ. ದ್ಯಾಮಣ್ಣ ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿದ್ದು, ಆಮೇಲೆ ತಾನೇ ಮಾಲೆ ತೆಗೆದು ಕೆಳಗಿನ ಮೆಟ್ಟಿಲ ಮೇಲಿಟ್ಟ. ಮೆಟ್ಟಿಲಿಗೆ ಒಮ್ಮೆ ಕೈ ಮುಟ್ಟಿಸಿದ, ಹೊರಟುಹೋದ. ಇಪ್ಪತ್ತಾರು ಜನ ಸ್ವಾಮಿಗಳಿದ್ದೆವು. ಒಬ್ಬರೂ ಏಳಲಿಲ್ಲ. ಯಾರೋ ಮತ್ತೆ ತಾಳ ಹಾಕಿದರು, ನಾನೂ ದನಿಗೂಡಿಸಿದೆ. ವೆಂಕಟೇಶಪ್ಪನ ಮೇಲೆ ನನಗಿರುವ ಹೇಸಿಗೆಯಲ್ಲಿ ಅರ್ಧ ಪಾಲು ಆ ನನ್ನ ದನಿಗೂ ಸಲ್ಲಬೇಕು.

ನಾಚಿಕೆ ತಡೆಯಲಾರದೆ ಮರುದಿನ ದ್ಯಾಮಣ್ಣನ ಜೊತೆ ಆಸ್ಪತ್ರೆಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಕಾಡಪ್ಪ ಎಡಗೈಯಲ್ಲಿ ಅನ್ನ ಚೆಲ್ಲಿಕೊಳ್ಳುತ್ತಿದ್ದ, ಸಿದ್ದಕ್ಕ ಗೋಡೆ ನೋಡುತ್ತಿದ್ದಳು. ದ್ಯಾಮಣ್ಣ ನಿಂತೇ ಹೇಳಿದ.

“ಕಾಡಪ್ಪ, ನೀ ಏನೂ ತಪ್ಪ ಮಾಡಿಲ್ಲ. ಟೇಪ್ ಸುತ್ತಿದಾಂವ ನಾ.”

ಕಾಡಪ್ಪ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿದ. ಬೈಯುತ್ತಾನೆ ಎಂದುಕೊಂಡೆ.

“ಅದು ಇರ್ಲಿ” ಎಂದ. “ನಾ ಕುಡದು ಮಿಷನ್ನಿಗೆ ಕೈ ಕೊಟ್ಟೆ ಅಂತ ಧಣ್ಯಾರು ಇಕಿಗೆ ಹೇಳ್ಯಾರ. ಅವತ್ತಿಂದ ಇಕಿ ನನ್ನ ಕೂಡ ಮಾತಾಡಿಲ್ಲ. ಅದನ್ನಷ್ಟು ಇಕಿ ಮುಂದ ಹೇಳು.”

“ಅವ ಕುಡದಿಲ್ಲವ್ವ” ಎಂದ ದ್ಯಾಮಣ್ಣ. “ಮಾಲಿ ಹಾಕಿದ ಮ್ಯಾಲ ಒಂದು ಹನಿ ಮುಟ್ಟಿಲ್ಲ.”

ಸಿದ್ದಕ್ಕ ತಿರುಗಿದಳು. ದ್ಯಾಮಣ್ಣನ ಬೋಳು ಕೊರಳು ನೋಡಿದಳು. ಕಾಡಪ್ಪನ ಎದೆಯ ಮೇಲೆ ಚೆಲ್ಲಿದ್ದ ಅಗುಳುಗಳನ್ನು ಆರಿಸಿ ತೆಗೆದಳು. ತಟ್ಟೆ ತನ್ನ ಕಡೆ ಎಳೆದುಕೊಂಡು, ಅನ್ನಕ್ಕೆ ಸಾರು ಕಲಸಿ, ಮೊದಲ ತುತ್ತು ಅವನ ಬಾಯಿಗೆ ಇಟ್ಟಳು.