ಕಾಂತಪ್ಪಣ್ಣ ಹೊರಟರೆ ಡಬ್ಬಿ ಮಲಗುತ್ತದೆ

ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲೊಂದರ ಗಲ್ಲದಲ್ಲಿ ಕೂರುವ ಕಾಂತಪ್ಪಣ್ಣ ಆ ವಾರವೆಲ್ಲ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಹೋಟೆಲಿನವರ ಭಾಷೆಯಲ್ಲಿ ಗಲ್ಲ ಎಂದರೆ ಕ್ಯಾಶ್ ಕೌಂಟರು. ಗಿರಾಕಿ ಎದ್ದು ಬರುವ ನಡಿಗೆಯಲ್ಲೇ ಅವನು ತಿಂದದ್ದು ಇಡ್ಲಿಯೋ ಸೆಟ್ ದೋಸೆಯೋ ಎಂದು ಹೇಳಬಲ್ಲ ಮನುಷ್ಯ, ಬರೀ ಚಾ ಕುಡಿದವನನ್ನು ಹಿಡಿದು "ಊಟ ಹೇಗಿತ್ತು?" ಎಂದು ಕೇಳತೊಡಗಿದ್ದರು.

"ಕಾಂತಪ್ಪಣ್ಣ, ಎಲ್ಲಿ ಉಂಟು ನಿಮ್ಮ ತಲೆ?" ಎಂದ ಸಪ್ಲೈಯರ್ ಸಂತು.

"ವಡಾಲದಲ್ಲಿ ಮಾರಾಯ. ಮನೆಯಲ್ಲಿ ಒಂದು ಡಬ್ಬಿ ಉಂಟು. ಅದಕ್ಕೆ ನಾನು ಬೇಕು."

ಡಬ್ಬಿಯ ಕತೆ ಹೀಗೆ. ಅವರ ಹೆಂಡತಿ ಅಕ್ಕುವಿಗೆ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮುಂಬಯಿಯಲ್ಲಿ ಬೇಡ, ಕಾಪುವಿನಲ್ಲಿರುವ ತಂಗಿಯ ಮನೆಯಲ್ಲಿದ್ದುಕೊಂಡು ಮಾಡಿಸುತ್ತೇನೆ ಎಂದು ಆಕೆಯ ಹಟ. ಪೊರೆ ತೆಗೆಸಲು ಹೋಗುವವಳನ್ನು ಪೊರೆಯಲು ಒಬ್ಬರು ಬೇಕಲ್ಲ? ಮಗಳು ನಿಖಿತಾ ಹೊರಟಳು. ಅವಳಿಗೆ ವಿಕ್ರೋಳಿಯ ಕಂಪನಿಯೊಂದರಲ್ಲಿ ಹೊಸ ಕೆಲಸ. ಇನ್ನೂ ಪರ್ಮನೆಂಟ್ ಆಗಿಲ್ಲ. ಮನೆಯಿಂದಲೇ ಕೆಲಸ ಮಾಡಬಹುದು, ಆದರೆ ಆಫೀಸಿನ ಕಂಪ್ಯೂಟರು ಬಾಗಿಲು ತೆರೆಯುವುದು ರಿಜಿಸ್ಟರ್ ಆದ ವಡಾಲದ ಮನೆಯ ಇಂಟರ್ನೆಟ್ಟಿಗೆ ಮಾತ್ರ. ಆಫೀಸಿನ ಮೇಡಮ್ಮು ಅಮ್ಮನ ಕಣ್ಣಿನ ವಿಷಯ ಕೇಳಿ, "ಊರಿಂದ ಮಾಡು, ಆದರೆ ಮನೆಯ ಕನೆಕ್ಷನ್ ಮೂಲಕವೇ ಬರಬೇಕು" ಎಂದು ಒಪ್ಪಿದ್ದರು. ಅದಕ್ಕೇ ನಿಖಿತಾ ವಿಪಿಎನ್ ರೌಟರ್ ಎಂಬ ಕಪ್ಪು ಡಬ್ಬಿ ತಂದು ಟಿ.ವಿ. ಪಕ್ಕ ಕೂರಿಸಿದಳು.

"ಪಪ್ಪಾ, ನಾನು ಕಾಪುವಿನಿಂದ ಈ ಡಬ್ಬಿಗೆ ಬರುತ್ತೇನೆ. ಡಬ್ಬಿಯಿಂದ ಆಫೀಸಿಗೆ ಹೋಗುತ್ತೇನೆ. ಆಫೀಸಿಗೆ ನಾನು ವಡಾಲದಲ್ಲೇ ಇದ್ದ ಹಾಗೆ."

ಕಾಂತಪ್ಪಣ್ಣನಿಗೆ ಗೊತ್ತಿದ್ದದ್ದು ವಿ.ಪಿ.ಪಿ., ಪೋಸ್ಟಿನಲ್ಲಿ ಬರುತ್ತಿದ್ದದ್ದು. "ಅಂದರೆ ನೀನು ಇಲ್ಲಿಯೇ ಇರುತ್ತೀಯಾ?"

"ಇಲ್ಲ. ಡಬ್ಬಿ ಇರುತ್ತದೆ. ಅದನ್ನು ಆಫ್ ಮಾಡಬೇಡ. ಅಷ್ಟೇ ಸಾಕು."

ಅಷ್ಟೇ ಎಂದಿದ್ದಳು. ಎರಡನೆಯ ದಿನದಿಂದಲೇ ಫೋನು. "ಪಪ್ಪಾ, ಡಬ್ಬಿ ಆಫ್ ಮಾಡಿದೆಯಾ?"

"ಮುಟ್ಟಲೇ ಇಲ್ಲ. ಬೆಳಿಗ್ಗೆ ನೋಡಿಯೇ ಬಂದದ್ದು. ಹಸಿರು ದೀಪ ಉರೀತಾ ಇತ್ತು."

"ಈಗ ಏನೂ ಸಿಗುತ್ತಿಲ್ಲ. ಕರೆಂಟ್ ಹೋಗಿದೆಯಾ ಕೇಳು."

ವಾಚ್‌ಮನ್‌ಗೆ ಫೋನು ಹೋಯಿತು. ಕರೆಂಟ್ ಇತ್ತು, ಲಿಫ್ಟು ಓಡುತ್ತಿತ್ತು. ಸಂಜೆ ಮನೆಗೆ ಬಂದು ಕಾಂತಪ್ಪಣ್ಣ ನೋಡಿದರೆ ಡಬ್ಬಿ ಹಸಿರು ಕಣ್ಣು ಮಿಟುಕಿಸುತ್ತ ಕೂತಿದೆ. ಕಾಪುವಿನಿಂದ ನಿಖಿತಾ, "ಈಗ ಬಂತು, ಈಗ ಬಂತು" ಎನ್ನುತ್ತಾಳೆ. ಆದರೆ ಆಫೀಸು ಮುಗಿದಿರುತ್ತದೆ.

ದಿನವೂ ಇದೇ. ಭಾನುವಾರ ಅವರು ಇಡೀ ದಿನ ಮನೆಯಲ್ಲಿದ್ದರು. ಡಬ್ಬಿಯೂ ಇಡೀ ದಿನ ಎಚ್ಚರವಿತ್ತು. ಸೋಮವಾರ ಅವರು ಲೋಕಲ್ ರೈಲು ಹತ್ತಿದರು, ಡಬ್ಬಿ ಸತ್ತಿತು. ಮೇಡಮ್ಮು ಈಗ ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದರು: ಈ ವಾರದೊಳಗೆ ಸರಿಹೋಗದಿದ್ದರೆ ವಿಕ್ರೋಳಿಗೆ ಬಂದು ಕೂರು, ಇಲ್ಲವಾದರೆ ಕೆಲಸ ಮರೆತುಬಿಡು. ಅಕ್ಕುವಿನ ಎರಡನೆಯ ಕಣ್ಣು ಇನ್ನೂ ಬಾಕಿ. ತಂಗಿಗೆ ಸ್ವತಃ ಕೈ ನಡುಗುತ್ತದೆ, ಹನಿ ಔಷಧ ಕಣ್ಣಿಗೆ ಬಿಡಲು ಹೋಗಿ ಮೂಗಿಗೆ ಬಿಟ್ಟಿದ್ದಳು.

"ಅದಕ್ಕೆ ಮನುಷ್ಯರ ವಾಸನೆ ಬೇಕು ಕಾಣುತ್ತದೆ," ಎಂದರು ಕಾಂತಪ್ಪಣ್ಣ. ಡಬ್ಬಿಯನ್ನು ದೇವರ ಗೂಡಿನ ಪಕ್ಕಕ್ಕೆ ಸರಿಸಿದರು. ಊಹೂಂ.

ಇಂಟರ್ನೆಟ್ಟಿನ ಸೊಹೈಲ ಬಂದ. ವಿಜಾಪುರದ ಕಡೆಯವನು, ಏರಿಯಾದ ತಂತಿಗಳೆಲ್ಲ ಅವನ ಸುಪರ್ದಿ. ಸಂಜೆ ಬಂದವನು ತಂತಿ ಬದಲಿಸಿದ, ಪ್ಲಗ್ಗು ಬದಲಿಸಿದ, ಡಬ್ಬಿಯನ್ನು ಬೋರಲು ಹಾಕಿ ನೋಡಿದ.

"ಚಾಚಾ, ಛಲೋ ನಡದದ ಇದು. ನನಗೂ ತಿಳೀವಲ್ದು. ಹಗಲೊತ್ತಿನ್ಯಾಗ ನೋಡಬೇಕು."

ಹೀಗಾಗಿ ಕಾಂತಪ್ಪಣ್ಣ ಮರುದಿನ ಊಟದ ರಷ್ಷಿನ ಹೊತ್ತಿಗೇ ಗಲ್ಲವನ್ನು ಸಂತುವಿಗೆ ಒಪ್ಪಿಸಿ ವಡಾಲಕ್ಕೆ ಬಂದರು. ಡಬ್ಬಿ ಸತ್ತಿದೆ ಎಂದು ನಿಖಿತಾ ಆಗಷ್ಟೇ ಫೋನ್ ಮಾಡಿದ್ದಳು. ಸೊಹೈಲ ಬಾಗಿಲಲ್ಲೇ ಕಾಯುತ್ತಿದ್ದ. ಕಾಂತಪ್ಪಣ್ಣ ಬೀಗ ತೆಗೆದರು, ಚಪ್ಪಲಿ ಬಿಟ್ಟರು, ಒಳಗೆ ಹೋದರು. ಡಬ್ಬಿಯ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು.

"ಕಂಡಿಯಾ? ನಾನು ಬಂದದ್ದು ಅದಕ್ಕೆ ಗೊತ್ತಾಯಿತು."

ಸೊಹೈಲ ಹೊಸ್ತಿಲಲ್ಲೇ ನಿಂತಿದ್ದ. "ಚಾಚಾ, ಈಗ ಟಕ್ ಅಂತಲ್ಲ, ಅದೇನದು?"

"ಬಾಗಿಲು."

"ಬಾಗಿಲ ಅಲ್ಲ. ಬಾಗಿಲ ಹಿಂದ ನಿಮ್ಮ ಕೈ ಹೋಗಿತ್ತಲ್ಲ?"

ಇಬ್ಬರೂ ಬಾಗಿಲ ಹಿಂದೆ ನೋಡಿದರು. ಅಲ್ಲಿ ಮೈನ್ ಸ್ವಿಚ್ಚು.

ಕಾಂತಪ್ಪಣ್ಣ ತಮ್ಮ ಬಲಗೈಯನ್ನು ಯಾರದೋ ಕೈಯೆಂಬಂತೆ ನೋಡಿದರು. ಮುಂಬಯಿಗೆ ಬಂದ ಹೊಸದರಲ್ಲಿ ಹೋಟೆಲಿನ ಹುಡುಗರೆಲ್ಲ ಒಂದೇ ಖೋಲಿಯಲ್ಲಿದ್ದರು. ಯಾರೋ ಇಸ್ತ್ರಿ ಪೆಟ್ಟಿಗೆ ಆರಿಸದೆ ಡ್ಯೂಟಿಗೆ ಹೋಗಿ, ಎಲ್ಲರ ಟ್ರಂಕುಗಳೂ ಸುಟ್ಟುಹೋದವು. ಆಮೇಲೆ ಖೋಲಿಗೆ ಒಂದೇ ಕಾನೂನು: ಕೊನೆಗೆ ಹೊರಡುವವನು ಮೈನ್ ಆಫ್ ಮಾಡಿಯೇ ಹೊರಡಬೇಕು. ಹೋಟೆಲು ಮುಚ್ಚುವಾಗಲೂ ಅದೇ. ಈ ಮನೆಯಲ್ಲಿ ಅಕ್ಕು ಸದಾ ಇರುತ್ತಿದ್ದುದರಿಂದ ಕಾನೂನು ಮಲಗಿತ್ತು. ಆಕೆ ಫ್ರಿಜ್ಜು ಖಾಲಿ ಮಾಡಿ ಊರಿಗೆ ಹೋದಳು. ಇವರ ಊಟ ಹೋಟೆಲಿನಲ್ಲೇ. ಕೊನೆಗೆ ಹೊರಡುವವರು ಇವರೇ. ಹೊರಡುವಾಗ ಆಫ್, ಬಂದಾಗ ಆನ್: ಕೈ ತನ್ನ ಕೆಲಸ ಮಾಡಿತು, ತಲೆಯನ್ನು ಕೇಳಲಿಲ್ಲ.

"ಡಬ್ಬಿ ಆಫ್ ಮಾಡಬೇಡ ಅಂದಿದ್ದಳು," ಎಂದರು ಮೆಲ್ಲಗೆ. "ಡಬ್ಬಿಯನ್ನು ನಾನು ಮುಟ್ಟಲಿಲ್ಲ."

"ಹೌದ್ರಿ ಚಾಚಾ. ಬರೇ ಮನೀನ ಆಫ್ ಮಾಡೀರಿ."

ಹಾಗಾದರೆ ಸಮಸ್ಯೆ ಮುಗಿಯಿತೇ? ಎಲ್ಲಿಂದ. ಮರುದಿನ ಅವರು ಮೈನ್ ಆಫ್ ಮಾಡದೆ ಹೊರಟರು. ಲೋಕಲ್ಲು ಶಿವಡಿ ಸ್ಟೇಷನ್ ದಾಟುವಷ್ಟರಲ್ಲಿ ಬೆನ್ನು ಬೆವೆತಿತ್ತು. ಮೈನ್ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿಯಲ್ಲಿ ಓದಿದರೆ 'ನಾನು' ಎಂದಾಗುತ್ತದೆ. ಕಾಂತಪ್ಪಣ್ಣನಿಗೆ ಮೈನ್ ಆನ್ ಇದ್ದರೆ ಮೈಯೆಲ್ಲ ಉರಿ. ಕಾಟನ್ ಗ್ರೀನಿನಲ್ಲಿ ಇಳಿದು, ಸೇತುವೆ ಹತ್ತಿ ಇಳಿದು ಎದುರು ಪ್ಲಾಟ್‌ಫಾರ್ಮಿಗೆ ಹೋಗಿ, ವಾಪಸ್ ಮನೆಗೆ. ಮನೆ ಇದ್ದ ಹಾಗೇ ಇತ್ತು. ಹೊರಗೆ ಬಂದು ಬೀಗ ಹಾಕಿದರು. ಮೆಟ್ಟಿಲಿಳಿಯುವಾಗ ಮತ್ತೆ ಅನುಮಾನ: ಈಗ ಕೈ ಏನು ಮಾಡಿತು? ಆಫ್ ಮಾಡಿದ್ದರೆ ಮಗಳ ಕೆಲಸ ಹೋಗುತ್ತದೆ, ಮಾಡದಿದ್ದರೆ ಮನೆ ಹೋಗುತ್ತದೆ. ಫೋನು ತೆಗೆದರು.

"ನಿಖಿ, ಕೆಲಸ ಆಗ್ತಾ ಉಂಟಾ?"

"ಆಗ್ತಾ ಉಂಟು ಪಪ್ಪಾ. ಯಾಕೆ?"

"ಡಬ್ಬಿಯ ಮೂಲಕವೇ?"

"ಮತ್ತೆ? ಡಬ್ಬಿ ಸುಟ್ಟುಹೋದರೆ ನಾನೂ ಇಲ್ಲ."

ಕಾಂತಪ್ಪಣ್ಣ ಮೆಟ್ಟಿಲ ಮೇಲೆಯೇ ನಿಂತು ಯೋಚಿಸಿದರು. ಮಗಳು ಕಾಪುವಿನಲ್ಲಿ ಟೈಪ್ ಮಾಡುತ್ತಿರುವವರೆಗೂ ವಡಾಲದ ಮನೆಗೆ ಬೆಂಕಿ ಬಿದ್ದಿಲ್ಲ. ಅದು ಹೇಗೆ ಎಂದು ಕೇಳಿದರೆ ಈಗಲೂ ಹೇಳಲಾರರು. ಆದರೆ ಅಂದಿನಿಂದ ಅವರು ಮೈನ್ ಮುಟ್ಟದೆ ಡ್ಯೂಟಿಗೆ ಬಂದರು. ಫೋರ್ಟಿನಲ್ಲಿ ಕೂತು ಕಾಪುವಿಗೆ ಫೋನ್ ಮಾಡಿ, ಲೋಕಲ್ಲಿನಲ್ಲಿ ಹೋದರೆ ಹತ್ತಿರವೇ ಇರುವ ವಡಾಲದಲ್ಲಿ ತಮ್ಮ ಮನೆ ಇದೆಯೇ ಎಂದು ವಿಚಾರಿಸಿಕೊಂಡರು. ಸಂತು ನಕ್ಕ. ನಕ್ಕರೆ ನಗಲಿ.

ಅಕ್ಕುವಿನ ಎರಡನೆಯ ಕಣ್ಣೂ ಆಯಿತು. ಒಂದು ಮಧ್ಯಾಹ್ನ ಫೋನ್ ಮಾಡಿದರೆ ಎತ್ತಿದವಳು ಅಕ್ಕು.

"ಅವಳು ಮೀಟಿಂಗಿನಲ್ಲಿದ್ದಾಳೆ. ಕೆಲಸ ಪರ್ಮನೆಂಟ್ ಮಾಡುತ್ತಿದ್ದಾರಂತೆ, ಈಗಷ್ಟೇ ಕೈಸನ್ನೆ ಮಾಡಿದಳು."

"ಮೀಟಿಂಗ್ ಎಲ್ಲಿ?"

"ವಿಕ್ರೋಳಿಯಲ್ಲಂತೆ. ಇಲ್ಲೇ ಜಗಲಿಯಲ್ಲಿ ಕೂತಿದ್ದಾಳೆ, ನನಗೀಗ ಚೆನ್ನಾಗಿ ಕಾಣುತ್ತದೆ."

"ವಡಾಲದ ಮೂಲಕವೇ ಅಲ್ಲವಾ?"

"ಅದೆಲ್ಲ ನನಗೇನು ಗೊತ್ತು? ಮಾತಾಡ್ತಾ ಇದ್ದಾಳೆ, ನಗ್ತಾ ಇದ್ದಾಳೆ."

"ಹಾಗಾದರೆ ಮನೆ ಉಂಟು," ಎಂದರು ಕಾಂತಪ್ಪಣ್ಣ. ಫೋನಿಟ್ಟು, ಎದ್ದು ಬರುತ್ತಿದ್ದ ಗಿರಾಕಿಯ ನಡಿಗೆ ನೋಡಿ, ಸಂತುವಿನ ಕಡೆ ತಿರುಗದೆಯೇ "ಒಂದು ಸೆಟ್ ದೋಸೆ" ಎಂದರು.