ಗಾರ್ನೆಟ್ ಎಲ್ಲಿ ಹೋಯಿತು?

ಕೊರೋನಾ ಲಾಕ್‌ಡೌನ್‌ಗಳೆಲ್ಲ ಮುಗಿದ ಮಾರನೇ ವರ್ಷ. ಬಸವನಗುಡಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲೋಹ ಪರೀಕ್ಷಾ ಪ್ರಯೋಗಾಲಯದ ಮುಖ್ಯಸ್ಥನಾಗಿದ್ದೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಹೊರಗಿನ ಕಾಲೇಜಿನವರೂ ತಮ್ಮ ಲೋಹದ ತುಂಡುಗಳನ್ನು ತರುತ್ತಿದ್ದರು. ನಾವು ಎಳೆದು, ಒತ್ತಿ, ಮುರಿದು, ಎಷ್ಟು ಬಲವಿದೆಯೆಂದು ಬರೆದುಕೊಡುತ್ತಿದ್ದೆವು. ನನ್ನ ಬಾಯಿಗೆ ಹೆದರಿ ಅರ್ಧ ಜನ ಮಾದರಿಗಳನ್ನು ಅಟೆಂಡರ್ ಕೈಗೆ ಕೊಟ್ಟು ಜಾಗ ಖಾಲಿ ಮಾಡುತ್ತಿದ್ದರು ಎಂಬುದೂ ನನಗೆ ಗೊತ್ತಿತ್ತು.

ವಸುಧಾ ಹಾಗೆ ಹೋಗುವವರಲ್ಲ. ಮಲ್ಲೇಶ್ವರದ ಕಾಲೇಜೊಂದರಲ್ಲಿ ಉಪನ್ಯಾಸಕಿ, ವಯಸ್ಸು ನಲವತ್ತರ ಹತ್ತಿರ. ಅಲ್ಯೂಮಿನಿಯಂಗೆ ಗಾರ್ನೆಟ್ ಎಂಬ ಖನಿಜದ ಪುಡಿ ಬೆರೆಸಿ ಎರಕ ಹೊಯ್ದರೆ ಎಷ್ಟು ಗಟ್ಟಿಯಾಗುತ್ತದೆ ಎಂಬುದು ಅವರ ಪಿಎಚ್.ಡಿ. ವಿಷಯ. ಇಂಥ ಬೆರಕೆ ಲೋಹವನ್ನು ಕಾಂಪೊಸಿಟ್ ಎನ್ನುತ್ತೇವೆ. ಕರಗಿದ ಲೋಹವನ್ನು ಸ್ಟರರ್‌ನಿಂದ, ಅಂದರೆ ತಿರುಗುವ ಕಡೆಗೋಲಿನಂಥ ಉಪಕರಣದಿಂದ, ಕಲಕುತ್ತಲೇ ಪುಡಿ ಹಾಕಬೇಕು. ವಿಶ್ವವಿದ್ಯಾಲಯ ಅವರಿಗೆ ಕೊಟ್ಟಿದ್ದ ಕೊನೆಯ ಗಡುವಿನಲ್ಲಿ ಆರು ತಿಂಗಳು ಬಾಕಿಯಿತ್ತು. ಅದು ತಪ್ಪಿದರೆ ನೋಂದಣಿ ರದ್ದು. ಪದವಿ ಇಲ್ಲದಿದ್ದರೆ ಕೆಲಸವೂ ಉಳಿಯುವಂತಿರಲಿಲ್ಲ.

ಅವರು ತಂದದ್ದು ಶೇಕಡಾ ಮೂರು, ಆರು, ಒಂಬತ್ತು ಗಾರ್ನೆಟ್ ಇರುವ ಮಾದರಿಗಳು, ಜೊತೆಗೆ ಏನೂ ಬೆರೆಸದ ಒಂದು. ಗಟ್ಟಿತನ ಅಳೆಯುವ ಬ್ರಿನೆಲ್ ಪರೀಕ್ಷೆಯಲ್ಲಿ ಸಾದಾ ಲೋಹ ಅರವತ್ತು ತೋರಿಸಿತು. ಉಳಿದವು ಅರವತ್ತೊಂದು, ಅರವತ್ತು, ಅರವತ್ತೆರಡು. ಅಂದರೆ ಪುಡಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಮತ್ತೆ ಎರಕ ಹೊಯ್ಸಿ ತಂದರು, ಅದೇ ಅಂಕಿ. ಮೂರನೇ ಸಲವೂ ಅದೇ. ಯಂತ್ರ ಕೆಟ್ಟಿದೆಯೇನೋ ಎಂದು ಕ್ಯಾಲಿಬ್ರೇಷನ್ ಮಾಡಿಸಿದೆ. ಯಂತ್ರ ಸರಿಯಾಗಿಯೇ ಇತ್ತು. ನನಗೆ ರೇಗಿಹೋಯಿತು.

ಕೊನೆಗೆ ಶೇಕಡಾ ಒಂಬತ್ತರ ಮಾದರಿಯಿಂದ ಹತ್ತು ಗ್ರಾಂ ಕತ್ತರಿಸಿ ಆಮ್ಲದಲ್ಲಿ ಹಾಕಿದೆ. ಅಲ್ಯೂಮಿನಿಯಂ ಕರಗುತ್ತದೆ, ಗಾರ್ನೆಟ್ ಉಳಿಯುತ್ತದೆ. ಒಂಬೈನೂರು ಮಿಲಿಗ್ರಾಂ ಉಳಿಯಬೇಕಾದಲ್ಲಿ ಫಿಲ್ಟರ್ ಕಾಗದದ ಮೇಲೆ ನೂರೂ ಇರಲಿಲ್ಲ.

ಅವರನ್ನು ಕರೆಸಿ ಎಲ್ಲರೆದುರೇ ಕೇಳಿದೆ: “ಏನಮ್ಮಾ, ಗಾರ್ನೆಟ್‌ನ ಲೋಹಕ್ಕೆ ಹಾಕಿದ್ರೋ, ಬರೀ ಥೀಸಿಸ್‌ಗೆ ಹಾಕಿದ್ರೋ?”

“ನಾನೇ ತೂಕ ಮಾಡಿ ಹಾಕಿದೀನಿ ಸಾರ್.”

ನಂಬಲಿಲ್ಲ. ವರದಿಯ ಕೆಳಗೆ ಷರಾ ಬರೆದೆ: ‘ನಮೂದಿಸಿರುವ ಪ್ರಮಾಣದ ಗಾರ್ನೆಟ್ ಮಾದರಿಯಲ್ಲಿ ಇಲ್ಲ.’ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಓದಿದವರಿಗೆ ಏನನ್ನಿಸುತ್ತದೆ ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಅವರ ಮಾರ್ಗದರ್ಶಕರು ಸಹಿ ಹಾಕುವುದನ್ನೇ ನಿಲ್ಲಿಸಿಬಿಟ್ಟರು.

ವಾರ ಕಳೆದು ವಸುಧಾ ಬಂದರು. ಅಳಲಿಲ್ಲ, ಕೂರಲೂ ಇಲ್ಲ. “ನೀವು ಬರ್ದಿದ್ದು ಸರಿ ಸಾರ್. ಆದ್ರೆ ನಾನು ಮೋಸ ಮಾಡಿಲ್ಲ. ಒಂದ್ಸಲ ಬಂದು ನೋಡಿ. ಆಮೇಲೆ ಏನ್ ಬೇಕಾದ್ರೂ ಬರ್ಕೊಳಿ.”

ಇವರ ಬಾಯಿ ಮುಚ್ಚಿಸಿದರೆ ಸಾಕೆಂದು ಹೊರಟೆ. ಬಸವನಗುಡಿಯಿಂದ ಚಾಮರಾಜಪೇಟೆಗೆ ಆಟೋದಲ್ಲಿ ಮುಕ್ಕಾಲು ಗಂಟೆ; ನಡೆದೇ ಹೋಗಬಹುದಿತ್ತು ಎಂದು ದಾರಿಯುದ್ದಕ್ಕೂ ಗೊಣಗಿದೆ. ವಸುಧಾ ಮಾದರಿಗಳನ್ನು ಹೊಯ್ಸುತ್ತಿದ್ದ ಮುನಿರಾಜಪ್ಪನವರ ಎರಕದ ಶೆಡ್ಡು ಎರಡು ಮನೆಗಳ ನಡುವಿನ ಸಂದಿಯಲ್ಲಿತ್ತು. ಅರವತ್ತು ದಾಟಿದ ಮನುಷ್ಯ, ಗ್ರೈಂಡರ್ ಪುಲ್ಲಿಗಳನ್ನು ಎರಕ ಹೊಯ್ಯುವುದರಲ್ಲಿ ಪಳಗಿದ ಕೈ.

ವಸುಧಾ ನನ್ನ ಕಣ್ಣೆದುರೇ ಗಾರ್ನೆಟ್ ತೂಗಿದರು, ಬಿಸಿ ಮಾಡಿದರು, ಸ್ಟರರ್ ತಿರುಗುತ್ತಿರುವಾಗ ಸ್ವಲ್ಪಸ್ವಲ್ಪವಾಗಿ ಮೂಸೆಗೆ ಸುರಿದರು. ಎಲ್ಲವೂ ಅಚ್ಚುಕಟ್ಟು. ಅಷ್ಟರಲ್ಲಿ ಮುನಿರಾಜಪ್ಪ ಸ್ಟರರ್ ಎತ್ತಿ, ಮೂಸೆಗೆ ಮುಚ್ಚಳ ಹಾಕಿ, ಕೈ ಒರೆಸಿಕೊಂಡರು.

“ಬನ್ನಿ ಸಾರ್, ಟೀ ಕುಡಿಯೋಣ.”

“ಹುಯ್ಯಲ್ವಾ?”

“ಲೋಹ ಸ್ವಲ್ಪ ಸುಧಾರಿಸ್ಕೊಬೇಕು ಸಾರ್. ಒಂದ್ ಟೀ ಕುಡಿಯೋವಷ್ಟು ಹೊತ್ತು. ಕಸರೆಲ್ಲ ತಳಕ್ಕೆ ಹೋಗುತ್ತೆ. ನಮ್ಮಪ್ಪನ ಕಾಲದಿಂದ್ಲೂ ಹಿಂಗೇ.”

ಲೋಟ ನನ್ನ ಕೈಯಲ್ಲೇ ಉಳಿಯಿತು. ಗಾರ್ನೆಟ್ ಅಲ್ಯೂಮಿನಿಯಂಗಿಂತ ಭಾರ. ಕಲಕುವುದನ್ನು ನಿಲ್ಲಿಸಿದರೆ ನಿಮಿಷಗಳಲ್ಲಿ ಮುಳುಗುತ್ತದೆ. ಟೀ ಮುಗಿದ ಮೇಲೆ ಅವರು ಮೇಲಿನ ಲೋಹವನ್ನು ಒಂದು ಹನಿಯೂ ಚೆಲ್ಲದಂತೆ ಅಚ್ಚುಗಳಿಗೆ ಹೊಯ್ದರು, ತಳದ ಮಡ್ಡಿಯನ್ನು ಮೂಲೆಗೆ ಬಗ್ಗಿಸಿದರು. ಆ ಮೂಲೆಯಲ್ಲಿ ಒರಟು ಗಟ್ಟಿಗಳ ಒಂದು ಗುಡ್ಡೆಯೇ ಇತ್ತು. ನಾಲ್ಕು ತಿಂಗಳ ಗಾರ್ನೆಟ್ಟೆಲ್ಲ ಅಲ್ಲಿ ಬಿದ್ದಿತ್ತು.

“ನೀವ್ಯಾಕಮ್ಮಾ ಹೇಳ್ಲಿಲ್ಲ?” ಎಂದು ವಸುಧಾ ಮೇಲೆ ಹರಿಹಾಯ್ದೆ.

“ಅವ್ರು ನಲವತ್ತು ವರ್ಷದಿಂದ ಹುಯ್ತಿದಾರೆ ಸಾರ್. ಟೀ ಕೊಟ್ರು, ಕುಡಿದೆ.”

ಮುನಿರಾಜಪ್ಪನವರನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಮಡ್ಡಿ ಸಮೇತ ಹೊಯ್ಯಿರಿ ಎಂದರೆ ಅವರಿಗೆ ಅವಮಾನ. “ಕೆಟ್ಟ ಎರಕ ನನ್ ಕೈಲಿ ಹುಯ್ಸ್ಬೇಡಿ ಸಾರ್” ಎಂದು ಕುಲುಮೆ ಆರಿಸಲು ಹೋದರು. ನಾನು ಸಾಂದ್ರತೆ, ಗುರುತ್ವ ಎಂದು ಗಂಟಲು ಹರಿದುಕೊಂಡೆ. ಒಂದೂ ನಾಟಲಿಲ್ಲ. ಕೊನೆಗೆ ವಸುಧಾ ಅಂದರು: “ಯಜಮಾನ್ರೇ, ಈ ಸಲ ಹುಯ್ದಾದ್ಮೇಲೆ ಟೀ ಕುಡಿಯೋಣ. ಕೆಟ್ರೆ ಹೆಸರು ನಂದು.” ಮುನಿರಾಜಪ್ಪ ಮತ್ತೆ ಮೂಸೆಯನ್ನು ಕುಲುಮೆಗೆ ಇಟ್ಟರು.

ಹೊಸ ಮಾದರಿಗಳಲ್ಲಿ ಗಟ್ಟಿತನ ಏರುತ್ತಾ ಹೋಗಿ ಶೇಕಡಾ ಒಂಬತ್ತಕ್ಕೆ ಎಪ್ಪತ್ತೊಂಬತ್ತು ಮುಟ್ಟಿತು. ಎಳೆತ ತಡೆಯುವ ಬಲ ಶೇಕಡಾ ಆರರವರೆಗೆ ಹೆಚ್ಚಿ, ಒಂಬತ್ತಕ್ಕೆ ಕುಸಿಯಿತು. ಪುಡಿ ಜಾಸ್ತಿಯಾದಾಗ ಲೋಹದೊಳಗೆ ಸಣ್ಣ ರಂಧ್ರಗಳು ಉಳಿಯುತ್ತವೆ. ಗಡುವಿಗೆ ಒಂಬತ್ತು ದಿನ ಇರುವಾಗ ವಸುಧಾ ಥೀಸಿಸ್ ಸಲ್ಲಿಸಿದರು. ನನ್ನ ಹಳೆಯ ಷರಾ ತೆಗೆದುಹಾಕಿ ಎಂದು ವಿಶ್ವವಿದ್ಯಾಲಯಕ್ಕೆ ಎರಡು ಪತ್ರ ಬರೆದೆ. ಒಮ್ಮೆ ಕೊಟ್ಟ ವರದಿ ಕಡತದಲ್ಲೇ ಇರುತ್ತದೆ ಎಂದು ಉತ್ತರ ಬಂತು. ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳಲಾರೆ.

ಮೌಖಿಕ ಪರೀಕ್ಷೆಯ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪರೀಕ್ಷಕರು ಮೊದಲು ತೆರೆದದ್ದೇ ಆ ಪುಟ. ಷರಾ ಗಟ್ಟಿಯಾಗಿ ಓದಿ, “ಇದಕ್ಕೇನು ಹೇಳ್ತೀರಿ?” ಎಂದರು. ಎದ್ದು ನಿಲ್ಲಬೇಕಾದವನು ನಾನು. ಏಳಲಿಲ್ಲ.

ವಸುಧಾ ನನ್ನ ಕಡೆ ನೋಡದೆ ಹೇಳಿದರು: “ಆ ವಾಕ್ಯ ಸರಿಯಾಗಿದೆ ಸಾರ್. ಬರೆದೋರು ಅಷ್ಟೊತ್ತಿಗೆ ಎರಕ ನೋಡಿರ್ಲಿಲ್ಲ.”

ಅವರಿಗೆ ಪದವಿ ಸಿಕ್ಕಿತು. ಉಳಿದ ಏಳು ತಿಂಗಳು ನಾನು ಎರಕದ ಮನೆಗೆ ಹೋಗಿ ನೋಡದೆ ಯಾವ ವರದಿಗೂ ಷರಾ ಬರೆಯಲಿಲ್ಲ. ಅಂಕಿ ಹೇಳುವುದು ಲೋಹದಲ್ಲಿ ಏನಿದೆ ಎಂಬುದನ್ನಷ್ಟೇ, ಯಾಕಿದೆ ಎಂಬುದನ್ನಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದು, ಕಲಿಸಿದ್ದು ಬಹಳ ತಡವಾಗಿ. ಅದಕ್ಕೆ ಮೊದಲಿನ ಮೂವತ್ತು ವರ್ಷ ಬರೆದ ಷರಾಗಳಿಗೆ ಲೆಕ್ಕವಿಲ್ಲ. ಆ ಷರಾ ಬರೆಸಿಕೊಂಡವರಲ್ಲಿ ಯಾರೂ ನನ್ನನ್ನು ಬಂದು ನೋಡಿ ಎಂದು ಕರೆಯಲಿಲ್ಲ. ಕರೆದಿದ್ದರೂ ನನಗೆ ನೆನಪಿಲ್ಲ.