ಅವಸರ ಇಲ್ಲದ ಬ್ರೇಕ್

ನನ್ನ ಕಂಕುಳಿಗೆ ಕೈ ಹಾಕಿದವರಲ್ಲಿ ಮುಕ್ಕಾಲುಪಾಲು ಜನ ಯಾರೆಂದೇ ನನಗೆ ಗೊತ್ತಿಲ್ಲ. ಆಟೋದವರು, ಕಂಡಕ್ಟರುಗಳು, ಬ್ಯಾಂಕಿಗೆ ಬಂದ ಗಿರಾಕಿಗಳು, ಯಾರ್‍ಯಾರೋ. ಒಂದು ಮಾತು ಕೇಳುವುದಿಲ್ಲ. ಮೂಟೆ ಎತ್ತಿದ ಹಾಗೆ ಎತ್ತುತ್ತಾರೆ, ಎತ್ತಿ "ಪಾಪಂ" ಅನ್ನುತ್ತಾರೆ. ವಿಶಾಖಪಟ್ಟಣದ ಸೆಕೆಯಲ್ಲಿ ಬೆವೆತ ಅಂಗೈಗಳು ರವಿಕೆಗೆ ಅಂಟಿಕೊಳ್ಳುತ್ತಿದ್ದುದನ್ನು ನೆನೆದರೆ ಈಗಲೂ ಮೈಮೇಲೆ ಜಿರಲೆ ಹರಿದಂತಾಗುತ್ತದೆ.

ನಾನು ಹಾಸನದ ಕಡೆಯವಳು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಬಲಗಾಲು ಸೋತಿತು. ಊರುಗೋಲು ಹಿಡಿದೇ ಓದಿದೆ, ಪರೀಕ್ಷೆ ಬರೆದೆ, ಬ್ಯಾಂಕಿನಲ್ಲಿ ಆಫೀಸರ್ ಆದೆ. ಎರಡು ಸಾವಿರದ ಇಸವಿಯ ನಂತರ ವರ್ಗವಾಗಿ ವಿಶಾಖಪಟ್ಟಣದ ಹೊರವಲಯದ ದುವ್ವಾಡದ ಹತ್ತಿರದ ಶಾಖೆಗೆ ಬಂದೆ. ಮನೆ ಗಾಜುವಾಕದಲ್ಲಿ, ಒಂಟಿ ಸಂಸಾರ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲಿತ್ತು. ಉಳಿದದ್ದು ಶೇರ್ ಆಟೋ. ಅದರಲ್ಲಿ ನನ್ನ ಊರುಗೋಲನ್ನು ಕಿತ್ತುಕೊಂಡು ಡ್ರೈವರ್ ತನ್ನ ಕಾಲಡಿ ಹಾಕಿಕೊಳ್ಳುತ್ತಿದ್ದ. ಇಳಿಯಬೇಕಾದರೆ ಅವನ ದಯೆ ಬೇಕು. ಅವನೋ ಮುಂದಿನ ಗಿರಾಕಿಯನ್ನು ಕೂಗುತ್ತಾ, ಎಲೆಯಡಿಕೆ ಉಗುಳುತ್ತಾ, ಕೋಲು ಕೊಡುವುದನ್ನೇ ಮರೆಯುತ್ತಿದ್ದ.

ಹಾಗಾಗಿ ಸ್ಕೂಟರ್ ತೆಗೆದುಕೊಂಡೆ. ಹಳೆಯದು, ಗೇರ್ ಇಲ್ಲದ್ದು, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವಂಥದ್ದು. ಹಿಂದೆ ಎರಡು ಪಕ್ಕದ ಚಕ್ರ ಕೂರಿಸಬೇಕು, ಬಲಗಾಲಿನ ಕೆಳಗಿದ್ದ ಬ್ರೇಕನ್ನು ಕೈಗೆ ತರಬೇಕು. ಅಷ್ಟಾದರೆ ಯಾರ ಕೈಯೂ ಬೇಡ.

ನಮ್ಮ ಶಾಖೆಯ ಸೀನಿಯರ್ ಮ್ಯಾನೇಜರ್ ಕನ್ನಡದವರೇ. ಆದರೆ ಹುಟ್ಟಿದ್ದು, ಬೆಳೆದದ್ದು ವಿಜಯವಾಡದಲ್ಲಿ. ಕನ್ನಡವನ್ನು ಅವರು ತಾಯಿಯ ಜೊತೆ ಮಾತ್ರ ಆಡುತ್ತಿದ್ದರಂತೆ. ನನ್ನನ್ನು ಕಂಡಾಗ ಹಬ್ಬದ ಪಂಚೆಯನ್ನು ಪೆಟ್ಟಿಗೆಯಿಂದ ತೆಗೆಯುವ ಹಾಗೆ ಹೆಮ್ಮೆಯಿಂದ ಅದನ್ನು ಹೊರತೆಗೆಯುತ್ತಿದ್ದರು. "ನಮ್ಮೂರ ಆಟೋನಗರ್‌ನಲ್ಲಿ ನನಗೆ ತಿಳಿದ ಷೆಡ್ ಇದೆ ಅಮ್ಮಾ, ನೀವು ಟೆನ್ಷನ್ ಪಡಬೇಡಿ" ಎಂದು ಸ್ಕೂಟರನ್ನು ರೈಲಿನ ಪಾರ್ಸೆಲ್‌ನಲ್ಲಿ ವಿಜಯವಾಡಕ್ಕೆ ಕಳಿಸಿದರು.

ಒಂದು ಮಧ್ಯಾಹ್ನ ಷೆಡ್ಡಿನಿಂದ ಫೋನ್ ಬಂತು. ತೆಲುಗಿನಲ್ಲಿ ಏನೇನೋ ಮಾತಾದ ಮೇಲೆ ಅವರು ರಿಸೀವರ್ ಮುಚ್ಚಿ ನನ್ನ ಕಡೆ ತಿರುಗಿದರು.

"ಬ್ರೇಕ್ ಕೈಗೆ ಇಡೋದು, ಅದು ಅವಸರ ಇಲ್ಲ ಅಲ್ಲವಾ ಅಮ್ಮಾ?"

ಎಷ್ಟು ಮರ್ಯಾದಸ್ಥ ಮೆಕ್ಯಾನಿಕ್, ಟೈಮ್ ಕೇಳುತ್ತಿದ್ದಾನೆ ಅಂದುಕೊಂಡೆ. "ಅವಸರ ಏನೂ ಇಲ್ಲ ಸಾರ್" ಅಂದೆ. ನಕ್ಕೆ ಕೂಡ.

ಸ್ಕೂಟರ್ ಬಂತು. ಶಾಖೆಯವರೆಲ್ಲ ಹೊರಗೆ ನಿಂತರು. ಪಕ್ಕದ ಚಕ್ರಗಳಿದ್ದವು. ಹಿಂದಿನ ಸೀಟಿಗೆ ಬೆನ್ನಿಗೊಂದು ಒರಗು, ಎರಡೂ ಕಡೆ ಕಂಬಿ, ಸೊಂಟಕ್ಕೆ ಬೆಲ್ಟು. ಥೇಟ್ ಮಗುವನ್ನು ಕೂರಿಸುವ ಕುರ್ಚಿ. ಬ್ರೇಕ್ ಮಾತ್ರ ಇದ್ದಲ್ಲೇ, ಸೋತ ಕಾಲಿನ ಕೆಳಗೇ ಇತ್ತು.

"ಬ್ರೇಕ್ ಯಾಕೆ ಹೀಗೇ ಇದೆ ಸಾರ್?"

"ನೀವೇ ಅವಸರ ಇಲ್ಲ ಅಂದಿರಲ್ಲಾ. ನಮ್ಮ ಅಟೆಂಡರ್ ಓಡಿಸ್ತಾನೆ. ಬೆಳಿಗ್ಗೆ ಸಂಜೆ ಇವನದೇ ಡ್ಯೂಟಿ. ನೀವು ಹಿಂದೆ ಹಾಯಾಗಿ ಕೂತುಕೊಳ್ಳಿ."

ಆಗ ತಲೆಗೆ ಹೋಯಿತು. ತೆಲುಗಿನಲ್ಲಿ ಅವಸರಂ ಅಂದರೆ ಅಗತ್ಯ. ಅವರ ಕನ್ನಡದಲ್ಲೂ ಅಷ್ಟೇ. ನನಗೆ ಗಡಿಬಿಡಿ ಇಲ್ಲ ಅಂತ ನಾನು ಹೇಳಿದ್ದು ಅವರಿಗೆ ಕೈ ಬ್ರೇಕೇ ಬೇಡ ಅಂತ ಕೇಳಿಸಿತ್ತು.

ಮಾತಿನ ತಪ್ಪನ್ನು ನಾನು ಹೊಟ್ಟೆಗೆ ಹಾಕಿಕೊಂಡೆ, ಭಾಷೆ ಅಂದಮೇಲೆ ಆಗುತ್ತದೆ. ನುಂಗಲಾಗದ್ದು ಬೇರೆಯದು. ಒಬ್ಬಳು ಸ್ಕೂಟರ್ ಕೊಂಡು ನನಗೆ ಬ್ರೇಕ್ ಬೇಡ ಅಂದರೆ ಯಾರಿಗಾದರೂ ತಲೆ ಕೆಡಬೇಕು. ಆ ವಿದ್ಯಾವಂತ ಮನುಷ್ಯನಿಗೆ ಅದು ಸಹಜ ಅನ್ನಿಸಿತ್ತು. ಇಡೀ ಶಾಖೆ ಚಪ್ಪಾಳೆ ತಟ್ಟುತ್ತಿತ್ತು, ಸಾರ್‌ಗೆ ಎಷ್ಟು ದೊಡ್ಡ ಮನಸ್ಸು ಅಂತ. ಅಟೆಂಡರ್ ಆಗಲೇ ನನ್ನ ಕಂಕುಳಿನತ್ತ ಕೈ ಚಾಚಿದ್ದ. ನಾನು ಊರುಗೋಲನ್ನು ಅಡ್ಡ ಹಿಡಿದೆ. "ಮೇಡಂಗೆ ಕೋಪ" ಎಂದು ಯಾರೋ ನಕ್ಕರು.

ಮುಂದಿನ ವಾರ ರಜೆ ಹಾಕಿ, ಸ್ಕೂಟರನ್ನು ಮತ್ತೆ ಪಾರ್ಸೆಲ್ ಮಾಡಿ, ನಾನೇ ವಿಜಯವಾಡಕ್ಕೆ ಹೋದೆ. ಆಟೋನಗರ್ ಎಂದರೆ ಕಣ್ಣು ಹಾಯಿಸಿದಷ್ಟೂ ಬಿಚ್ಚಿದ ಲಾರಿಗಳು, ವೆಲ್ಡಿಂಗ್ ಕಿಡಿ, ಡೀಸೆಲ್ ಕಲಸಿದ ಕೆಸರು. ಕೆಸರಿನಲ್ಲಿ ಊರುಗೋಲು ಜಾರುತ್ತಿತ್ತು. ಷೆಡ್ಡಿನ ಯಜಮಾನ ನನ್ನನ್ನು ನೋಡಿದ, ನನ್ನ ಹಿಂದೆ ನೋಡಿದ, ರಸ್ತೆಯಾಚೆಗೂ ನೋಡಿದ.

"ಮೀವಾಳ್ಳು ರಾಲೇದಾ?" ನಿಮ್ಮವರು ಯಾರೂ ಬಂದಿಲ್ಲವೇ ಅಂತ.

"ಬಂಡಿ ನಡಿಪೇದಿ ನೇನೇ" ಅಂದೆ. ಗಾಡಿ ಓಡಿಸುವವಳು ನಾನೇ. ಅಷ್ಟು ತೆಲುಗನ್ನು ರೈಲಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. "ಚೇತಿ ಬ್ರೇಕ್ ನಾಕು ಅವಸರಂ." ಕೈ ಬ್ರೇಕ್ ನನಗೆ ಅಗತ್ಯ ಅಂತ.

ಆತ ಮ್ಯಾನೇಜರ್‌ಗೆ ಫೋನ್ ಮಾಡಿದ. ನನ್ನ ಎದುರಿಗೇ! ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, ಅವರ ಒಪ್ಪಿಗೆ ಕೇಳಿದ. ಅವರು ಏನಂದರೋ ಗೊತ್ತಿಲ್ಲ. ಫೋನ್ ಇಟ್ಟ ಮೇಲೆ "ರಿಸ್ಕ್ ಅಮ್ಮಾ" ಅಂದ. ನಾನು ಗ್ರೀಸ್ ಮೆತ್ತಿದ ಸ್ಟೂಲ್ ಎಳೆದುಕೊಂಡು ಷೆಡ್ಡಿನ ಬಾಗಿಲಿಗೆ ಅಡ್ಡ ಕೂತೆ. ಒಳಗಿನ ಗಾಡಿ ಹೊರಗೆ ಬರುವ ಹಾಗಿಲ್ಲ, ಹೊರಗಿನದು ಒಳಗೆ ಹೋಗುವ ಹಾಗಿಲ್ಲ. ಸೀರೆಯೆಲ್ಲ ಗ್ರೀಸ್ ಆಯಿತು, ಆಗಲಿ. ಎರಡು ಲಾರಿಯವರು ಹಾರ್ನ್ ಹೊಡೆದು ಹೊಡೆದು ಸುಸ್ತಾದ ಮೇಲೆ ಆತ ಬೈದುಕೊಳ್ಳುತ್ತಲೇ ಸ್ಪಾನರ್ ಎತ್ತಿಕೊಂಡ. ಹಿಂದಿನ ಕುರ್ಚಿಯನ್ನೂ ಬಿಚ್ಚಿಸಿ, ಆ ಜಾಗದಲ್ಲಿ ಊರುಗೋಲು ಸಿಕ್ಕಿಸಲು ಎರಡು ಕೊಕ್ಕೆ ಹಾಕಿಸಿದೆ.

ಸಂಜೆಯೊಳಗೆ ಬ್ರೇಕ್ ಎಡಗೈಗೆ ಬಂತು. ಆಟೋನಗರ್‌ನ ಗುಂಡಿಬಿದ್ದ ರಸ್ತೆಯಲ್ಲಿ ಓಡಿಸಿ, ಒತ್ತಿ ನೋಡಿದೆ. ಗಾಡಿ ನಿಂತಿತು. ನಾನು ನಿಲ್ಲು ಅಂದಾಗ ನಿಂತ ಮೊದಲ ವಾಹನ ಅದು.

ಸೋಮವಾರ ಗಾಜುವಾಕದಿಂದ ಒಬ್ಬಳೇ ಹೊರಟೆ. ಪರವಾಡದ ಕಾರ್ಖಾನೆಗಳಿಗೆ ಹೋಗುವ ಕಂಪನಿ ಬಸ್ಸುಗಳ ಕಿಟಕಿಗಳಲ್ಲಿ ತಲೆಗಳು ತಿರುಗಿದವು, ಬೆರಳುಗಳು ತೋರಿಸಿದವು. ತೋರಿಸಲಿ, ಬೆರಳು ಅಷ್ಟು ದೂರದಿಂದ ಮುಟ್ಟುವುದಿಲ್ಲ. ಶಾಖೆಯ ಮುಂದೆ ನಿಲ್ಲಿಸಿ ಕೊಕ್ಕೆಯಿಂದ ಊರುಗೋಲು ಬಿಚ್ಚಿಕೊಂಡೆ. ಇಳಿಜಾರು ಕಟ್ಟಿಸಿ ಎಂದು ನಾನು ಬಂದಾಗಿನಿಂದ ಕೇಳುತ್ತಿದ್ದರೂ ಬಾಗಿಲಿಗೆ ಮೆಟ್ಟಿಲುಗಳೇ ಇದ್ದವು. ಮೇಲುಗಡೆ ಮ್ಯಾನೇಜರ್ ನಿಂತಿದ್ದರು. ಮುಖ ಸಣ್ಣದಾಗಿತ್ತು. ಆದರೂ ಅಭ್ಯಾಸ ಬಿಡಲಿಲ್ಲ, ಎರಡು ಮೆಟ್ಟಿಲು ಇಳಿದು ನನ್ನ ಕಂಕುಳಿಗೆ ಕೈ ಚಾಚಿದರು.

"ಅವಸರ ಇಲ್ಲ ಸಾರ್" ಅಂದೆ.

ಕೈ ಅಲ್ಲೇ ನಿಂತಿತು. ತೆಲುಗಿನಲ್ಲಿ ಕೇಳಿಸಿಕೊಂಡರೋ ಕನ್ನಡದಲ್ಲೋ ನನಗೆ ಬೇಕಿರಲಿಲ್ಲ, ಎರಡೂ ನಿಜವಾಗಿತ್ತು. ಅವರು ಪಕ್ಕಕ್ಕೆ ಸರಿದರು. ನಾನು ಊರುಗೋಲೂರಿ, ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದೆ.